ಕಥೆ ಹೇಳುವ ಅಜ್ಜನ ಗೊಂಬೆ: ಅಸಲಿ ಗುರುತಿಸುವುದು, ಊರಿಗೆ ತರುವುದು ಹೇಗೆ?

ಅಮೆರಿಕದ ನ್ಯೂ ಮೆಕ್ಸಿಕೊ ಕಡೆ ಪ್ರವಾಸ ಹೊರಟವರು ನನಗೆ ಕಳಿಸುವ ಮೆಸೇಜು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಸಾಂಟಾ ಫೆಯಲ್ಲಿ ಮೈತುಂಬ ಮಕ್ಕಳನ್ನು ಕೂರಿಸಿಕೊಂಡ ಮಣ್ಣಿನ ಗೊಂಬೆ ನೋಡಿದೆವು. ಒಂದು ಅಂಗಡಿಯಲ್ಲಿ 30 ಡಾಲರ್, ಪಕ್ಕದ ಅಂಗಡಿಯಲ್ಲಿ 900 ಡಾಲರ್. ಏನು ವ್ಯತ್ಯಾಸ? ಯಾವುದು ಕೊಳ್ಳೋದು? ಗೊಂಬೆ ಹಬ್ಬಕ್ಕೆ ಇಡಬಹುದಾ?" ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ನಾಲ್ಕು ಪದ ತಿಳಿದುಕೊಂಡರೆ ಮುಂದಿನದು ಸುಲಭ.

ಪ್ಯೂಬ್ಲೊ ಅಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಊರು. ಈ ಭಾಗದ ಮೂಲನಿವಾಸಿ ಜನರಿಗೂ ಅವರ ಊರುಗಳಿಗೂ ಅದೇ ಹೆಸರು ನಿಂತಿದೆ. ನ್ಯೂ ಮೆಕ್ಸಿಕೊದಲ್ಲಿ ಇಂಥ 19 ಪ್ಯೂಬ್ಲೊಗಳಿವೆ. ಎಲ್ಲದರ ಭಾಷೆ ಒಂದೇ ಅಲ್ಲ, ಮಣ್ಣೂ ಒಂದೇ ಅಲ್ಲ.

ಸ್ಟೋರಿಟೆಲ್ಲರ್ ಅಂದರೆ ನಾವು ಮಾತಾಡುತ್ತಿರುವ ಗೊಂಬೆ. ಕೂತು ಕಥೆ ಹೇಳುವ ಹಿರಿಯ, ಅವನ ತೊಡೆ, ತೋಳು, ಹೆಗಲು, ಬೆನ್ನ ಮೇಲೆಲ್ಲ ಮಕ್ಕಳು.

ಸ್ಲಿಪ್ ಅಂದರೆ ನೀರಿನಲ್ಲಿ ಕದಡಿದ ನುಣ್ಣನೆ ಜೇಡಿ. ಒಣಗಿದ ಗೊಂಬೆಗೆ ಸುಡುವ ಮೊದಲು ಇದನ್ನು ಬಳಿಯುತ್ತಾರೆ.

ಗ್ರೀನ್‌ವೇರ್ ಅಂದರೆ ಫ್ಯಾಕ್ಟರಿಯಲ್ಲಿ ಅಚ್ಚಿಗೆ ಹೊಯ್ದು ತೆಗೆದ, ಇನ್ನೂ ಸುಡದ ಗೊಂಬೆ. ಇದನ್ನು ಕೊಂಡು ತಂದು, ಮೇಲೆ ಬಣ್ಣ ಮಾತ್ರ ಹಚ್ಚಿ ಮಾರುವುದುಂಟು. ಮೋಸ ಹೋಗುವವರಲ್ಲಿ ಜಾಸ್ತಿ ಜನ ಹೋಗುವುದು ಇಲ್ಲೇ.

ಹಂತ 1: ಈ ಅಜ್ಜ ಯಾರು ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ನೇರವಾಗಿ ಅಂಗಡಿಗೆ ಹೋಗಬೇಡಿ. ಈ ಗೊಂಬೆ ಯಾವುದೋ ಕಾಲದಿಂದ ಬಂದ, ಯಾರೂ ಮಾಡಬಹುದಾದ ವಸ್ತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಇದಕ್ಕೆ ಒಂದು ಊರಿದೆ, ಒಂದು ಇಸವಿ ಇದೆ, ಒಬ್ಬ ಅಜ್ಜ ಇದ್ದಾನೆ.

ಊರು ಕೋಚಿಟಿ ಪ್ಯೂಬ್ಲೊ. ಸಾಂಟಾ ಫೆಯಿಂದ ನೈಋತ್ಯಕ್ಕೆ ಸುಮಾರು 55 ಕಿ.ಮೀ. ಅಲ್ಲಿನವರ ಭಾಷೆ ಕೆರೆಸ್. ಹೆಲೆನ್ ಕೊರ್ಡೆರೊ (1915–1994) ಅದೇ ಊರಿನವರು. 1950ರ ದಶಕದಲ್ಲಿ ಚರ್ಮದ ಕೆಲಸ, ಮಣಿ ಪೋಣಿಸುವ ಕೆಲಸ ಮಾಡುತ್ತಿದ್ದ ಅವರು ಆಮೇಲೆ ಮಣ್ಣಿಗೆ ಕೈ ಹಾಕಿದರು. ಬಟ್ಟಲು, ಕೊಡ ಮಾಡಿದರೆ ಸೊಟ್ಟಗೆ ಬರುತ್ತಿದ್ದವು. ಹಾಗಾದರೆ ಗೊಂಬೆ ಮಾಡಿ ನೋಡು ಅಂತ ಜೊತೆಗೆ ಕೆಲಸ ಮಾಡುತ್ತಿದ್ದ ನೆಂಟರಾಕೆ ಹೇಳಿದರು. ಗೊಂಬೆಗೆ ಅವರ ಕೈ ಹೊಂದಿಕೊಂಡುಬಿಟ್ಟಿತು.

ಕೋಚಿಟಿಯಲ್ಲಿ ಗೊಂಬೆ ಮಾಡುವುದು ಹೊಸದೇನೂ ಆಗಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಆ ಕಡೆ ಬರುತ್ತಿದ್ದ ಪಾದ್ರಿಗಳು, ಸರ್ಕಸ್‌ನವರು ಮುಂತಾದ ಹೊರಗಿನವರನ್ನು ಅಣಕಿಸುವ ಗೊಂಬೆಗಳನ್ನು ಅಲ್ಲಿ ಮಾಡುತ್ತಿದ್ದರು. ಮಗುವನ್ನು ಎತ್ತಿಕೊಂಡು ಹಾಡುವ ತಾಯಿಯ ಗೊಂಬೆಯೂ ಇತ್ತು. ಅಲೆಕ್ಸಾಂಡರ್ ಗಿರಾರ್ಡ್ ಎಂಬ ವಿನ್ಯಾಸಕಾರರು ಜಗತ್ತಿನ ಜನಪದ ವಸ್ತುಗಳನ್ನು ಕೂಡಿಸುತ್ತಿದ್ದರು. ಹೆಲೆನ್ ಅವರ ಗೊಂಬೆ ಕಂಡು, ಇನ್ನೂ ದೊಡ್ಡದು, ಜಾಸ್ತಿ ಮಕ್ಕಳಿರುವಂಥದ್ದು ಮಾಡಿಕೊಡಿ ಅಂದರು. ಹೆಲೆನ್‌ಗೆ ಆಗ ನೆನಪಾದವರು ತಮ್ಮ ಅಜ್ಜ ಸಾಂಟಿಯಾಗೊ ಕಿಂಟಾನಾ. ಒಳ್ಳೆಯ ಕಥೆಗಾರ ಅಂತ ಊರಲ್ಲಿ ಹೆಸರಾದವರು. ಸುತ್ತ ಯಾವಾಗಲೂ ಮೊಮ್ಮಕ್ಕಳು. 1964ರಲ್ಲಿ ಮೊದಲ ಸ್ಟೋರಿಟೆಲ್ಲರ್ ತಯಾರಾಯಿತು. ಅದರ ಮೈಮೇಲೆ ಇದ್ದದ್ದು ಐದು ಮಕ್ಕಳು.

ಅಜ್ಜನ ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಕಣ್ಣು ಮುಚ್ಚಿರುವುದು ಯೋಚಿಸುತ್ತಿರುವುದರಿಂದ, ಬಾಯಿ ತೆರೆದಿರುವುದು ಹಾಡುತ್ತಿರುವುದರಿಂದ ಅಂತ ಹೆಲೆನ್ ವಿವರಿಸುತ್ತಿದ್ದರು. ನಮ್ಮಲ್ಲೂ ಹಳೆಯ ಕಥೆಗಳು ಅರ್ಧ ಹಾಡಾಗಿಯೇ ಬರುತ್ತಿದ್ದವು ಅಲ್ವಾ? ಬರವಣಿಗೆ ಇಲ್ಲದೆ, ಹಿರಿಯರ ಬಾಯಿಂದ ಮಕ್ಕಳ ಕಿವಿಗೆ ದಾಟುವ ಮಾತು ಅದು. ಪ್ಯೂಬ್ಲೊ ಮನೆಗಳಲ್ಲಿ ಚಳಿಗಾಲದ ಉದ್ದನೆಯ ರಾತ್ರಿಗಳೇ ಕಥೆಯ ಹೊತ್ತು. ಹೊರಗಿನವರಿಗೆ ಹೇಳದ ಕಥೆಗಳೂ ಇವೆ.

ಆಮೇಲೆ ಇದು ಹರಡಿದ ವೇಗ ದೊಡ್ಡದು. 1980ರ ದಶಕದ ಹೊತ್ತಿಗೆ ಹತ್ತಾರು ಪ್ಯೂಬ್ಲೊಗಳಲ್ಲಿ ನೂರಾರು ಕೈಗಳು ಸ್ಟೋರಿಟೆಲ್ಲರ್ ಮಾಡುತ್ತಿದ್ದವು. ಅಜ್ಜಿ ಬಂದಳು, ಕರಡಿ ಬಂತು, ಗೂಬೆ ಬಂತು. ಹೆಲೆನ್ ಮಾತ್ರ ಇದು ತನ್ನ ಅಜ್ಜ ಅನ್ನುವುದನ್ನು ಬಿಟ್ಟುಕೊಡಲಿಲ್ಲ. 1986ರಲ್ಲಿ ಅವರಿಗೆ ಅಮೆರಿಕ ಸರ್ಕಾರದ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಸಿಕ್ಕಿತು.

ಎಚ್ಚರಿಕೆ: ಕಚಿನಾ ಗೊಂಬೆ ಬೇರೆ. ಅದು ಮುಖ್ಯವಾಗಿ ಅರಿಜೋನಾದ ಹೋಪಿ ಜನ ಮರದ ಬೇರಿನಲ್ಲಿ ಕೆತ್ತುವಂಥದ್ದು, ಅವರ ಧಾರ್ಮಿಕ ಆಚರಣೆಗೆ ಸೇರಿದ್ದು. ಎರಡನ್ನೂ ಒಂದೇ ಹೆಸರಲ್ಲಿ ಕರೆಯಬೇಡಿ.

ಹಂತ 2: ಕೊಳ್ಳುವ ಮೊದಲು ಸುಮ್ನೆ ನೋಡಿ

ಒಂದು ದಿನ ಬರೀ ನೋಡುವುದಕ್ಕೆ ಇಟ್ಟುಕೊಳ್ಳಿ. ಸಾಂಟಾ ಫೆಯ ಮ್ಯೂಸಿಯಂ ಆಫ್ ಇಂಟರ್‌ನ್ಯಾಷನಲ್ ಫೋಕ್ ಆರ್ಟ್‌ನಲ್ಲಿ ಗಿರಾರ್ಡ್ ಕೊಟ್ಟ ಸಂಗ್ರಹಕ್ಕೇ ಒಂದು ದೊಡ್ಡ ವಿಭಾಗ ಇದೆ. ಅದರ ಹತ್ತಿರವೇ ಮ್ಯೂಸಿಯಂ ಆಫ್ ಇಂಡಿಯನ್ ಆರ್ಟ್ಸ್ ಅಂಡ್ ಕಲ್ಚರ್. ಕೋಚಿಟಿ ಕೆಲಸದ ಗುರುತು ಕಣ್ಣಿಗೆ ಕೂರಬೇಕು: ಕೆನೆ ಬಣ್ಣದ ಮೈ, ಕೆಮ್ಮಣ್ಣಿನ ಕೆಂಪು, ಕಪ್ಪು ಗೆರೆ. ಹೇಮೆಸ್ ಪ್ಯೂಬ್ಲೊದ ಗೊಂಬೆಗಳಲ್ಲಿ ಕಂದು, ಕೆಂಪು ಜಾಸ್ತಿ. ಆಕೋಮಾದವು ಬೆಳ್ಳಗಿರುತ್ತವೆ.

ಅರ್ಧ ದಿನ ಒಳ್ಳೆಯದನ್ನು ನೋಡಿದ ಕಣ್ಣು ಅಂಗಡಿಯಲ್ಲಿ ತಾನಾಗಿಯೇ ಕೆಲಸ ಮಾಡುತ್ತದೆ.

ಹಂತ 3: ಎಲ್ಲಿ ಕೊಳ್ಳಬೇಕು

ನನ್ನ ಸಲಹೆ ಈ ಕ್ರಮದಲ್ಲಿ.

ಮೊದಲನೆಯದು, ಮಾಡಿದವರಿಂದಲೇ. ಸಾಂಟಾ ಫೆಯ ನಡುವಿನ ಚೌಕದಲ್ಲಿ ಪ್ಯಾಲೆಸ್ ಆಫ್ ದ ಗವರ್ನರ್ಸ್ ಎಂಬ ಹಳೆಯ ಕಟ್ಟಡ ಇದೆ. ಅದರ ಉದ್ದನೆಯ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಬಟ್ಟೆ ಹಾಸಿ ಕೂತು ಮಾರುತ್ತಾರೆ. ಇದನ್ನು ಅಲ್ಲಿನ ಮ್ಯೂಸಿಯಂ ನೋಡಿಕೊಳ್ಳುತ್ತದೆ. ತಾವು ಅಥವಾ ತಮ್ಮ ಮನೆಯವರು ಮಾಡಿದ್ದನ್ನೇ ಮಾರಬೇಕು, ಮಾಡಿದವರ ಗುರುತು ಇರಬೇಕು ಅನ್ನುವುದು ನಿಯಮ. ಆಗಸ್ಟ್‌ನಲ್ಲಿ ಹೋಗುವವರಿಗೆ ಸಾಂಟಾ ಫೆ ಇಂಡಿಯನ್ ಮಾರ್ಕೆಟ್ ಇದೆ. ಅದು 1922ರಲ್ಲಿ ಶುರುವಾದ ಸಂತೆ.

ಎರಡನೆಯದು, ಆಲ್ಬುಕರ್ಕಿಯ ಇಂಡಿಯನ್ ಪ್ಯೂಬ್ಲೊ ಕಲ್ಚರಲ್ ಸೆಂಟರ್. 19 ಪ್ಯೂಬ್ಲೊಗಳೂ ಸೇರಿ ನಡೆಸುವ ಸಂಸ್ಥೆ. ಒಳಗೇ ಅಂಗಡಿ ಇದೆ.

ಮೂರನೆಯದು, ಮಾಡಿದವರು ಯಾರು ಅಂತ ಬಿಲ್ಲಿನಲ್ಲಿ ಬರೆದುಕೊಡಲು ಹಿಂಜರಿಯದ ಗ್ಯಾಲರಿ. ಬೆಲೆ ಜಾಸ್ತಿ ಇರಬಹುದು, ಆದರೆ ಕಾಗದ ಸಿಗುತ್ತದೆ.

ವಿಮಾನ ನಿಲ್ದಾಣದ ಅಂಗಡಿ, ಹೆದ್ದಾರಿ ಬದಿಯ ಅಂಗಡಿಯಲ್ಲಿ ಅವಸರಕ್ಕೆ ಕೊಳ್ಳಬೇಡಿ.

ಕೋಚಿಟಿಗೇ ಹೋಗಬಹುದಾ ಅಂತ ಕೇಳುವವರಿಗೆ: ಹೊರಗಿನವರಿಗೆ ತೆರೆದಿದೆಯೇ ಅಂತ ಮೊದಲು ಪ್ಯೂಬ್ಲೊ ಕಚೇರಿಗೆ ಫೋನ್ ಮಾಡಿ ಕೇಳಿ. ಜುಲೈ 14 ಊರಹಬ್ಬ. ಅಲ್ಲಿ ಫೋಟೊ ತೆಗೆಯುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ, ಚಿತ್ರ ಬಿಡಿಸುವಂತೆಯೂ ಇಲ್ಲ. ಮೊಬೈಲನ್ನು ಕಾರಿನಲ್ಲೇ ಬಿಡಿ. ಕುಣಿತ ಶುರುವಾದಾಗ ಚಪ್ಪಾಳೆ ತಟ್ಟಬೇಡಿ, ಅದು ಪ್ರದರ್ಶನ ಅಲ್ಲ, ಪ್ರಾರ್ಥನೆ. ಯಾರದೋ ಮನೆ ಬಾಗಿಲಲ್ಲಿ ಮಡಕೆ ಮಾರಾಟದ ಬೋರ್ಡ್ ಕಂಡರೆ ಧೈರ್ಯವಾಗಿ ಬಾಗಿಲು ತಟ್ಟಬಹುದು. ಬೋರ್ಡ್ ಇಲ್ಲದ ಮನೆಗೆ ಹೋಗಬೇಡಿ.

ಹಂತ 4: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಇಡೀ ಲೇಖನದಲ್ಲಿ ಮುಖ್ಯವಾದ ಹಂತ ಇದು. ಇದಕ್ಕೆ ಹತ್ತು ನಿಮಿಷ ಕೊಡಿ.

ಮುಟ್ಟುವ ಮುಂಚೆ ಕೇಳಿ. ಎರಡೂ ಕೈಯಲ್ಲಿ, ಬುಡಕ್ಕೆ ಕೈ ಕೊಟ್ಟು ಎತ್ತಿ. ಮಗುವಿನ ತಲೆಯನ್ನೋ ಅಜ್ಜನ ತೋಳನ್ನೋ ಹಿಡಿದು ಎತ್ತಿದರೆ ಅದು ಕಿತ್ತು ಕೈಗೆ ಬರಬಹುದು. ಉಂಗುರ, ಬಳೆ ತಾಗಿದರೂ ಗೀರು ಬೀಳುತ್ತದೆ.

ಒಳ್ಳೆಯ ಗೊಂಬೆ ಹೇಗೆ ತಯಾರಾಗುತ್ತದೆ ಅಂತ ಗೊತ್ತಿದ್ದರೆ ಏನು ಹುಡುಕಬೇಕು ಅನ್ನುವುದೂ ಗೊತ್ತಾಗುತ್ತದೆ. ಪ್ಯೂಬ್ಲೊ ಕುಂಬಾರಿಕೆಯಲ್ಲಿ ತಿಗರಿ ಇಲ್ಲ. ಮಣ್ಣನ್ನು ತಾವೇ ಅಗೆದು ತರುತ್ತಾರೆ, ನೆನೆಸಿ ಸೋಸುತ್ತಾರೆ. ಸುಡುವಾಗ ಬಿರಿಯದಿರಲಿ ಅಂತ ಮರಳು, ಜ್ವಾಲಾಮುಖಿ ಬೂದಿ, ಇಲ್ಲವೇ ಹಳೆಯ ಮಡಕೆ ಚೂರಿನ ಪುಡಿ ಬೆರೆಸುತ್ತಾರೆ. ಯಾವುದು ಅನ್ನುವುದು ಊರಿಂದ ಊರಿಗೆ ಬೇರೆ. ಆಮೇಲೆ ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತು ಮೇಲೆ ಸುತ್ತು ಕೂರಿಸಿ, ಸೋರೆ ಬುರುಡೆಯ ಚೂರಿನಿಂದ ನಯ ಮಾಡುತ್ತಾರೆ. ಅಜ್ಜನ ಒಡಲು ಟೊಳ್ಳು. ಮಕ್ಕಳನ್ನು ಬೇರೆ ಮಾಡಿ, ಒಂದೊಂದಾಗಿ ಅಂಟಿಸುತ್ತಾರೆ. ಒಣಗಿದ ಮೇಲೆ ತಿಕ್ಕಿ, ಸ್ಲಿಪ್ ಬಳಿದು, ಚಿತ್ರ ಬರೆಯುತ್ತಾರೆ. ಕಪ್ಪು ಬಣ್ಣಕ್ಕೆ ಬೀ ಪ್ಲಾಂಟ್ ಎಂಬ ಕಾಡುಗಿಡವನ್ನು ಗಂಟೆಗಟ್ಟಲೆ ಕುದಿಸಿ, ಬೆಲ್ಲದ ಪಾಕದ ಹಾಗೆ ಗಟ್ಟಿ ಮಾಡಿ, ಒಣಗಿಸಿ ಇಟ್ಟುಕೊಳ್ಳುತ್ತಾರೆ. ಕೊನೆಗೆ ಬಯಲಿನಲ್ಲಿ ಸೀಡರ್ ಕಟ್ಟಿಗೆ, ಬೆರಣಿ ಒಟ್ಟಿ ಸುಡುತ್ತಾರೆ.

ಈಗ ಗೊಂಬೆ ನೋಡಿ.

ಬುಡ ಮೊದಲು. ತಿರುಗಿಸಿ ತೋರಿಸಿ ಅಂತ ಮಾರುವವರನ್ನೇ ಕೇಳಿ. ಮಾಡಿದವರ ಹೆಸರು, ಪ್ಯೂಬ್ಲೊ ಹೆಸರು ಕೈಬರಹದಲ್ಲಿ ಇರಬೇಕು. ಕೆಲವರು ಹೆಸರಿನ ಜೊತೆ ಸಣ್ಣ ಚಿತ್ರವನ್ನೂ ಹಾಕುತ್ತಾರೆ. ಮುದ್ರೆ ಒತ್ತಿದ ಕಂಪನಿ ಹೆಸರು, ಅಂಟಿಸಿದ ಸ್ಟಿಕರ್ ಮಾತ್ರ ಇದ್ದರೆ ಅನುಮಾನ ಪಡಿ.

ಗೆರೆ ಹುಡುಕಿ. ಅಚ್ಚಿನ ಗೊಂಬೆಯಲ್ಲಿ ಎರಡು ಭಾಗ ಕೂಡಿದ ಕಡೆ, ಸಾಮಾನ್ಯವಾಗಿ ಎರಡೂ ಪಕ್ಕದಲ್ಲಿ, ತಲೆಯಿಂದ ಬುಡದವರೆಗೆ ಸಣ್ಣ ಗೆರೆ ಉಳಿದಿರುತ್ತದೆ. ಬಣ್ಣದ ಕೆಳಗೂ ಬೆರಳಿಗೆ ಸಿಗುತ್ತದೆ.

ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿ. ಕೈಯಲ್ಲಿ ಮಾಡಿದ್ದಾದರೆ ಒಂದು ಮಗು ಇನ್ನೊಂದರ ಹಾಗೆ ಇರುವುದಿಲ್ಲ. ಒಂದು ನಿದ್ದೆ ಮಾಡುತ್ತಿರುತ್ತದೆ, ಇನ್ನೊಂದು ಅಜ್ಜನ ಕಿವಿಯ ಹತ್ತಿರ ಹತ್ತಿರುತ್ತದೆ, ಮತ್ತೊಂದರ ಕೈಯಲ್ಲಿ ನಾಯಿಮರಿ ಇರುತ್ತದೆ. ಎಲ್ಲ ಮಕ್ಕಳದೂ ಒಂದೇ ಮುಖ, ಕಪಾಟಿನಲ್ಲಿ ಅದೇ ಗೊಂಬೆ ಇನ್ನೂ ಆರು ಇವೆ ಅಂದರೆ ಅದು ಅಚ್ಚಿನದು.

ಬಣ್ಣ ನೋಡಿ. ಗಿಡದ ಕಪ್ಪು, ಕೆಮ್ಮಣ್ಣಿನ ಕೆಂಪು ಮೈಯೊಳಗೆ ಇಳಿದ ಹಾಗೆ ಇರುತ್ತವೆ, ಹೊಳಪು ಕಡಿಮೆ. ಮೇಲೆ ಪೊರೆಯ ಹಾಗೆ ಕೂತು ಪ್ಲಾಸ್ಟಿಕ್ ಥರ ಮಿರುಗುವುದು ಅಂಗಡಿ ಬಣ್ಣ.

ಹೊಗೆ ಕಲೆ ಕಂಡರೆ ಹೆದರಬೇಡಿ. ಬಯಲು ಬೆಂಕಿಯಲ್ಲಿ ಸುಟ್ಟ ಗೊಂಬೆಯ ಮೇಲೆ ಅಲ್ಲಲ್ಲಿ ಬೂದು ಮೋಡದಂಥ ಕಲೆ ಬರುವುದುಂಟು. ದೋಷ ಅಂತ ಬಿಟ್ಟುಬರುವವರಿದ್ದಾರೆ. ನನಗಂತೂ ಆ ಕಲೆ ಇರುವ ಗೊಂಬೆಯೇ ಇಷ್ಟ.

ಸಂದುಗಳನ್ನು ನೋಡಿ. ಮಗು ಮೈಗೆ ಕೂಡುವ ಜಾಗದಲ್ಲಿ ಕೂದಲೆಳೆ ಬಿರುಕು, ಅಂಟಿನ ಹೊಳಪು, ಸುತ್ತಲಿಗಿಂತ ಬೇರೆ ಬಿಳುಪು ಇದೆಯೇ? ಇದ್ದರೆ ಮುರಿದು ಕೂಡಿಸಿದ್ದಿರಬಹುದು. ಕೊಳ್ಳಬಾರದು ಅಂತಲ್ಲ, ಬೆಲೆ ಅದಕ್ಕೆ ತಕ್ಕ ಹಾಗೆ ಇರಬೇಕು.

ಊರಿನ ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಅಭ್ಯಾಸ ನಮಗಿದೆ. ಇಲ್ಲಿ ನೀವಾಗಿ ತಟ್ಟಬೇಡಿ. ಬೇಕಾದರೆ ಮಾರುವವರನ್ನೇ ತಟ್ಟಿ ತೋರಿಸಲು ಕೇಳಿ.

ಇನ್ನೊಂದು ತಪ್ಪು ಕಲ್ಪನೆ ಬಿಡಿಸಬೇಕು. ಎಲೆಕ್ಟ್ರಿಕ್ ಆವಿಗೆಯಲ್ಲಿ ಸುಟ್ಟದ್ದೆಲ್ಲ ನಕಲಿ ಅಲ್ಲ. ಮಳೆ, ಗಾಳಿಗೆ ಹೆದರಿ ಅಥವಾ ತಿಂಗಳ ದುಡಿಮೆ ಒಂದೇ ಬೆಂಕಿಯಲ್ಲಿ ಒಡೆದುಹೋಗಬಾರದು ಅಂತ ಈಗ ಅನೇಕರು ಆವಿಗೆ ಬಳಸುತ್ತಾರೆ. ಕೈಯಲ್ಲಿ ಕಟ್ಟಿದ್ದೋ ಅಚ್ಚಿನದೋ ಅನ್ನುವುದೇ ಮುಖ್ಯ ಪ್ರಶ್ನೆ. ಹೇಗೆ ಸುಟ್ಟದ್ದು ಅನ್ನುವುದು ಬೆಲೆಗೆ ಸಂಬಂಧಿಸಿದ ಪ್ರಶ್ನೆ.

ಹಂತ 5: ಕೇಳಬೇಕಾದ್ದು, ಕೇಳಬಾರದ್ದು

ಇಷ್ಟು ಕೇಳಿ: ಮಾಡಿದವರು ಯಾರು? ಯಾವ ಪ್ಯೂಬ್ಲೊದವರು? ಮಣ್ಣು ಅಗೆದು ತಂದದ್ದೋ, ಅಂಗಡಿಯದೋ? ಕೈಯಲ್ಲಿ ಕಟ್ಟಿದ್ದೋ, ಅಚ್ಚೋ? ಬಯಲಲ್ಲಿ ಸುಟ್ಟದ್ದೋ, ಆವಿಗೆಯಲ್ಲೋ? ಈ ಐದಕ್ಕೂ ತಡವರಿಸದೆ ಉತ್ತರ ಬಂದರೆ ಅರ್ಧ ಚಿಂತೆ ಕಳೆಯಿತು.

ಮಣ್ಣು ಸರಿಯಾಗಿ ಯಾವ ಜಾಗದ್ದು ಅಂತ ಕೆದಕಬೇಡಿ. ಅನೇಕ ಕುಂಬಾರರಿಗೆ ಮಣ್ಣು ಅಂದರೆ ತಾಯಿ. ಅಗೆಯುವ ಮುನ್ನ ಪ್ರಾರ್ಥಿಸುತ್ತಾರೆ, ಜಾಗವನ್ನು ಎಲ್ಲರಿಗೂ ಹೇಳುವುದಿಲ್ಲ. ಆಚರಣೆಗಳ ಒಳಗುಟ್ಟನ್ನೂ ಕೇಳಬೇಡಿ. ಕಥೆ ಕೇಳಬೇಕು ಅನ್ನಿಸಿದರೆ ಒಂದು ಸುಲಭ ದಾರಿ ಇದೆ: "ನಿಮಗೆ ಯಾರು ಕಥೆ ಹೇಳುತ್ತಿದ್ದರು?" ಅಂತ ಕೇಳಿ. ಹೇಳುವಷ್ಟನ್ನು ಅವರೇ ಹೇಳುತ್ತಾರೆ.

ಹಂತ 6: ಬೆಲೆ ಮತ್ತು ಕಾಗದ

ಬೆಲೆ ಎತ್ತರದ ಮೇಲೆ, ಮಕ್ಕಳ ಸಂಖ್ಯೆಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಯಾರ ಕೈ ಅನ್ನುವುದರ ಮೇಲೆ ನಿಂತಿದೆ. ಹೆಲೆನ್ ಕೊರ್ಡೆರೊ, ಸೆಫೆರಿನಾ ಒರ್ಟಿಜ್ ಅವರಂಥ ಕೋಚಿಟಿಯ ದೊಡ್ಡ ಹೆಸರುಗಳ ಗೊಂಬೆಗೆ ಸಾವಿರಾರು ಡಾಲರ್ ಆಗಬಹುದು. ಈಗ ಮಾಡುತ್ತಿರುವವರಿಂದ ಅಂಗೈಯಷ್ಟು ಚಿಕ್ಕದನ್ನು ಅದರ ಸಣ್ಣ ಪಾಲಿಗೆ ಕೊಳ್ಳಬಹುದು. ಬಜೆಟ್ ಕಡಿಮೆ ಇದ್ದರೆ ಎರಡೇ ಮಕ್ಕಳಿರುವ, ಕೈಯಲ್ಲಿ ಮಾಡಿದ ಚಿಕ್ಕ ಗೊಂಬೆ ತೆಗೆದುಕೊಳ್ಳಿ. ಹದಿನೈದು ಮಕ್ಕಳ ಅಚ್ಚಿನ ಗೊಂಬೆ ಬೇಡ.

ಮಾಡಿದವರ ಹತ್ತಿರ ಚೌಕಾಸಿ ಬೇಡ. ಅರ್ಧ ಬೆಲೆಯಿಂದ ಶುರು ಮಾಡುವ ನಮ್ಮ ರೂಢಿ ಅಲ್ಲಿ ಅವಮಾನ ಆಗುತ್ತದೆ.

ಲೇಬಲ್ ಮೇಲಿನ ಪದಗಳನ್ನು ನಿಧಾನವಾಗಿ ಓದಿ. "ಇಂಡಿಯನ್ ಸ್ಟೈಲ್", "ಸೌತ್‌ವೆಸ್ಟ್ ಡಿಸೈನ್", "ಹ್ಯಾಂಡ್ ಪೇಂಟೆಡ್" ಅಂದರೆ ಕೈಯಲ್ಲಿ ಕಟ್ಟಿದ್ದು ಅಂತಲ್ಲ. ಹ್ಯಾಂಡ್ ಪೇಂಟೆಡ್ ಅಂದರೆ ಬಣ್ಣ ಮಾತ್ರ ಕೈಯದು. ಮೂಲನಿವಾಸಿಗಳು ಮಾಡದ್ದನ್ನು ಅವರದೇ ಅಂತ ಮಾರುವುದು ಅಮೆರಿಕದಲ್ಲಿ ಅಪರಾಧ. 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಆಕ್ಟ್ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದ ವ್ಯಕ್ತಿಗೆ 2.5 ಲಕ್ಷ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಜೈಲು ಆಗಬಹುದು. ಅದಕ್ಕೇ ಬಿಲ್ಲಿನಲ್ಲಿ ಮಾಡಿದವರ ಹೆಸರು, ಪ್ಯೂಬ್ಲೊ, "ಕೈಯಲ್ಲಿ ಕಟ್ಟಿದ್ದು" ಅನ್ನುವ ಮಾತು ಮೂರನ್ನೂ ಬರೆಸಿಕೊಳ್ಳಿ. ಸುಳ್ಳು ಹೇಳುವವರು ಬಾಯಲ್ಲಿ ಹೇಳುತ್ತಾರೆ, ಬರೆದುಕೊಡುವುದಿಲ್ಲ.

ಮಾಡಿದವರು ಒಪ್ಪಿದರೆ ಗೊಂಬೆ ಜೊತೆ ಅವರ ಒಂದು ಫೋಟೊ ತೆಗೆದುಕೊಳ್ಳಿ. ಕೇಳದೆ ತೆಗೆಯಬೇಡಿ.

ಹಂತ 7: ಊರಿಗೆ ತರುವುದು

ಸೂಟ್‌ಕೇಸಿಗೆ ಹಾಕಿ ಚೆಕ್-ಇನ್ ಮಾಡಬೇಡಿ. ಕೈಚೀಲದಲ್ಲೇ ತನ್ನಿ.

ಬೇಕಾಗುವುದು: ಏನೂ ಮುದ್ರಿಸದ ಬಿಳಿ ಟಿಶ್ಯೂ ಕಾಗದ, ಮೆತ್ತನೆಯ ಹಳೆ ಹತ್ತಿ ಬಟ್ಟೆ, ಬಬಲ್ ರ‍್ಯಾಪ್, ಒಂದರೊಳಗೊಂದು ಹೋಗುವ ಎರಡು ಡಬ್ಬಿ. ಮಕ್ಕಳ ಮಧ್ಯದ ಸಂದುಗಳಿಗೆ ಟಿಶ್ಯೂವನ್ನು ಒತ್ತದೆ ತುಂಬಿ. ಮೇಲೆ ಬಟ್ಟೆ ಸುತ್ತಿ. ಬಬಲ್ ರ‍್ಯಾಪ್ ಅದರ ಮೇಲೆ. ಅದು ನೇರವಾಗಿ ಗೊಂಬೆಗೆ ತಾಗಬಾರದು, ಬಿಸಿಲಲ್ಲಿ ಬಿಟ್ಟರೆ ಗುಳ್ಳೆಗಳ ಗುರುತು ಬೀಳುತ್ತದೆ. ಒಳಡಬ್ಬಿ ಹೊರಡಬ್ಬಿಗಳ ನಡುವೆ ಎಲ್ಲ ಕಡೆ ಮೂರು ಬೆರಳು ಜಾಗ ಬಿಟ್ಟು ಮೆತ್ತನೆಯದನ್ನು ತುಂಬಿ. ಗೊಂಬೆಗೆ ಟೇಪ್ ಅಂಟಿಸಬೇಡಿ, ಸ್ಲಿಪ್ ಕಿತ್ತು ಬರುತ್ತದೆ. ಏರ್‌ಪೋರ್ಟಿನಲ್ಲಿ ಬಿಚ್ಚಿಸಬಹುದು, ಹಾಗಾಗಿ ಸುಲಭವಾಗಿ ಬಿಚ್ಚಿ ಮತ್ತೆ ಕಟ್ಟುವಂತಿರಲಿ. ಬಿಲ್ಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಹಂತ 8: ಮನೆಯಲ್ಲಿ

ಇದು ಕಡಿಮೆ ಶಾಖದಲ್ಲಿ ಸುಟ್ಟ, ಗ್ಲೇಜ್ (ಗಾಜಿನಂಥ ಲೇಪ) ಇಲ್ಲದ ಮಣ್ಣು. ನೀರು, ಎಣ್ಣೆ ಏನು ತಾಗಿದರೂ ಹೀರುತ್ತದೆ. ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲೂ ಒರೆಸಬೇಡಿ. ಧೂಳಿಗೆ ಮೆತ್ತನೆ ಮೇಕಪ್ ಬ್ರಷ್ ಸಾಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಗಾಜಿನ ಕಪಾಟಿನೊಳಗೆ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬಿಸಿಲು ನೇರವಾಗಿ ಬೀಳಬಾರದು.

ಗೊಂಬೆ ಹಬ್ಬಕ್ಕೆ ಇಡಬಹುದಾ? ಖಂಡಿತ ಇಡಬಹುದು. ಇದು ಪೂಜೆಯ ಮೂರ್ತಿ ಅಲ್ಲ, ಮಾರುವುದಕ್ಕೇ ಮಾಡಿದ ಗೊಂಬೆ. ಆದರೆ ಅರಿಶಿನ ಕುಂಕುಮ ಹಚ್ಚಬೇಡಿ, ಆ ಕಲೆ ಹೋಗುವುದಿಲ್ಲ. ದೀಪದಿಂದ, ನೀರು ಚಿಮುಕಿಸಿದ ಹೂವಿನಿಂದ ದೂರ ಇಡಿ. ಕೆಳಗಿನ ಮೆಟ್ಟಿಲು ಬೇಡ, ಮಕ್ಕಳ ಕೈ ಅಲ್ಲಿಗೇ ಮೊದಲು ಹೋಗುತ್ತದೆ. "ರೆಡ್ ಇಂಡಿಯನ್ ಗೊಂಬೆ" ಅಂತ ಚೀಟಿ ಅಂಟಿಸಬೇಡಿ. ಮಾಡಿದವರ ಹೆಸರು, ಪ್ಯೂಬ್ಲೊ ಹೆಸರು ಬರೆದು ಪಕ್ಕದಲ್ಲಿ ನಿಲ್ಲಿಸಿ. ಬಂದವರು ಕೇಳಿದರೆ ಸಾಂಟಿಯಾಗೊ ಕಿಂಟಾನಾ ಅವರ ಬಗ್ಗೆ ಹೇಳಿ.

ಮುರಿದರೆ ಚೂರನ್ನೆಲ್ಲ, ಪುಡಿಯನ್ನೂ ಬಿಡದೆ, ಒಂದು ಪೊಟ್ಟಣದಲ್ಲಿ ಎತ್ತಿಡಿ. ಫೆವಿಕ್ವಿಕ್ ಹಚ್ಚಬೇಡಿ, ಮತ್ತೆ ಬಿಡಿಸುವುದು ಕಷ್ಟ. ಮ್ಯೂಸಿಯಂ ವಸ್ತುಗಳನ್ನು ಸರಿ ಮಾಡುವವರಿಗೆ ತೋರಿಸಿ.

ಶಾಲೆಯ ಪ್ರಾಜೆಕ್ಟ್ ಆದರೆ

ಅಮೆರಿಕದಲ್ಲಿರುವ ತಂದೆ ತಾಯಂದಿರು ಇದನ್ನೂ ಕೇಳುತ್ತಾರೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಸ್ಟೋರಿಟೆಲ್ಲರ್ ಮಾಡಲು ಹೇಳುವುದುಂಟು. ಪ್ಯೂಬ್ಲೊ ಚಿತ್ತಾರವನ್ನು ನಕಲು ಮಾಡಿಸಬೇಡಿ, ಅವು ಆ ಮನೆತನಗಳದ್ದು. ಹೆಲೆನ್ ತಮ್ಮ ಅಜ್ಜನನ್ನು ಮಾಡಿದರು, ನಿಮ್ಮ ಮಗು ತನ್ನ ಅಜ್ಜಿಯನ್ನು ಮಾಡಲಿ. ಸೀರೆ ಇರಲಿ, ತುರುಬು ಇರಲಿ, ಕನ್ನಡಕ ಇದ್ದರೆ ಅದೂ ಇರಲಿ.

1. ಮೊದಲು ಊರಿಗೆ ಫೋನ್ ಮಾಡಿಸಿ. ಅಜ್ಜಿ ಒಂದು ಕಥೆ ಪೂರ್ತಿ ಹೇಳಲಿ. ಆ ಕಥೆ ಕೇಳುವ ಮಕ್ಕಳು ಯಾರು ಯಾರು ಅಂತ ಪಟ್ಟಿ ಮಾಡಿ. ಅಷ್ಟೇ ಸಂಖ್ಯೆಯ ಮಕ್ಕಳು ಗೊಂಬೆ ಮೇಲೆ ಬರಲಿ.

2. ಸುಡುವುದು ಬೇಡವಾದ, ಗಾಳಿಗೆ ಒಣಗುವ ಜೇಡಿ ಕೊಳ್ಳಿ. ಕಾಗದ ಉಂಡೆ ಮಾಡಿ, ಅದರ ಸುತ್ತ ಬೆರಳು ದಪ್ಪಕ್ಕೆ ಜೇಡಿ ಹಚ್ಚಿ ಒಡಲು ಮಾಡಿ. ಗಟ್ಟಿ ಮುದ್ದೆ ಮಾಡಿದರೆ ಒಣಗದೆ ಬಿರಿಯುತ್ತದೆ.

3. ಮಕ್ಕಳನ್ನು ಅಂಟಿಸುವಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಾದ ಜೇಡಿ ಹಚ್ಚಿ ಒತ್ತಿ. ಸುಮ್ನೆ ಒತ್ತಿದರೆ ಒಣಗಿದ ಮೇಲೆ ಉದುರುತ್ತವೆ.

4. ಬಟ್ಟೆ ಮುಚ್ಚಿ, ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸಿ. ಫ್ಯಾನ್ ಕೆಳಗೆ, ಹೀಟರ್ ಮುಂದೆ ಇಡಬೇಡಿ.

5. ಬಣ್ಣ ಕೊನೆಗೆ. ಅಜ್ಜಿಯ ಬಾಯಿ ತೆರೆದಿರುವುದನ್ನು ಮಾತ್ರ ಮರೆಯಬೇಡಿ.